ಮಾರೆಪ್ಪ ಬಿಟ್ಟ ಜಾಗ

ಖಾಲಿ ಚೀಲವನ್ನು ಹೇಗೆ ಹಿಡಿದುಕೊಳ್ಳಬೇಕು ಎಂಬುದು ಕುಷ್ಟಗಿಯಿಂದ ಕೊಪ್ಪಳದವರೆಗೂ ಮಾರೆಪ್ಪನಿಗೆ ಬಗೆಹರಿಯಲಿಲ್ಲ. ಮಡಚಿ ತೊಡೆಯ ಮೇಲಿಟ್ಟುಕೊಂಡರೆ ಬಸ್ಸಿನವರೆಲ್ಲ ಅದನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಕಾಲ ಕೆಳಗೆ ಹಾಕಿದರೆ ಮರೆತು ಇಳಿದುಬಿಡಬಹುದು, ಮರೆತರೆ ಒಳ್ಳೆಯದೇ ಆಯಿತಲ್ಲ ಎಂದೂ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೊಂಡು ಮತ್ತೆ ಅದನ್ನು ತೊಡೆಗೆ ಎತ್ತಿಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತ ಮುದುಕ, 'ಈ ವರ್ಷ ಬಿಸಿಲು ಭಾಳ ಆತು' ಎಂದ. 'ಭಾಳ ಆತು' ಎಂದ ಮಾರೆಪ್ಪ. 'ಮಳಿ ಬಂದ್ರ ಬಂತು, ಇಲ್ಲಂದ್ರ ಇಲ್ಲ.' 'ಇಲ್ಲಂದ್ರ ಇಲ್ಲ.' ಮುದುಕ ಒಂದು ಸಲ ಕಣ್ಣು ಕಿರಿದು ಮಾಡಿ ನೋಡಿದ, ತನ್ನನ್ನು ಅಣಕಿಸುತ್ತಿದ್ದಾನೋ ಏನೋ ಎಂಬಂತೆ, ಮತ್ತೆ ಕಿಟಕಿಯ ಕಡೆ ತಿರುಗಿದ. ಅಣಕವಲ್ಲ ಅದು. ಯಾರು ಏನೇ ಅಂದರೂ ಅವರ ಮಾತಿನ ಬಾಲ ಹಿಡಿದು ತಿರುಗಿ ಅನ್ನುವುದು ಅವನಿಗೆ ಅಂಟಿಕೊಂಡ ಚಟ. 'ಬದನಿಕಾಯಿ ಎಷ್ಟಂತ ಸಂತಿಯೊಳಗ ಕೇಳಿ, ಅವರು ಹೇಳಿದ್ದನ್ನ ತಿರುಗಿ ಹೇಳಿ, ಚೀಲ ಚಾಚ್ತಾರ ನಮ್ಮನಿಯವ್ರು. ಚೌಕಾಶಿ ಮಾಡೂದು ಎಲ್ಲಿ ಬಂತು' ಎಂದು ಹೆಂಡತಿ ಗಾಳೆಮ್ಮ ಓಣಿಗೆಲ್ಲ ಹೇಳಿ ನಗಿಸುತ್ತಿದ್ದಳು. ಓಣಿ ನಗುತ್ತಿತ್ತು. ಅವನೂ ನಗುತ್ತಿದ್ದ.

ವಿರೂಪಾಕ್ಷಪ್ಪನ ಭಜನಾ ಮೇಳದಲ್ಲಿ ಹಿಂದೆ ಕೂತು ಕೂತು ಬಂದ ಚಟ ಅದು. ವಿರೂಪಾಕ್ಷಪ್ಪ ಒಂದು ಸಾಲು ಎತ್ತುತ್ತಾನೆ. ಸಾಲಿನ ಕೊನೆಯ ತುಣುಕನ್ನು ಹಿಂದಿನವರು ತಿರುಗಿ ಹಾಡಬೇಕು. ಅಷ್ಟರಲ್ಲಿ ಅವನು ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಸಜ್ಜಾಗುತ್ತಾನೆ. ಹಿಂದಿನವರು ಎಂದರೆ ಮೂರು ನಾಲ್ಕು ಜನ, ಆದರೆ ಅವರನ್ನು ಎಳೆದುಕೊಂಡು ಹೋಗುವವನು ಮಾರೆಪ್ಪ. ಹಳದಿ ರುಮಾಲು ಸುತ್ತಿ, ಹಾರ್ಮೋನಿಯಂ ಪೆಟ್ಟಿಗೆಯ ಹಿಂದೆ ಅರ್ಧ ಮುಖ ಮರೆಯಾಗಿ, ಕಣ್ಣು ಮುಚ್ಚಿ ಕೂತಿರುತ್ತಾನೆ. ಯಲಬುರ್ಗಾ, ಗಂಗಾವತಿ, ಹುಲಿಗಿ, ಇಟಗಿ, ಎಲ್ಲಿ ಭಜನೆ ಇದ್ದರೂ ಜನ ಬರುವುದು ವಿರೂಪಾಕ್ಷಪ್ಪನಿಗಾಗಿ. ಅದರಲ್ಲಿ ಮಾರೆಪ್ಪನಿಗೆ ತಕರಾರಿರಲಿಲ್ಲ. ಇದ್ದರೆ, ತನಗೂ ಗೊತ್ತಾಗದಷ್ಟು ಒಳಗಿತ್ತು. ಹಗಲು ಕುಷ್ಟಗಿಯ ಓಣಿಗಳಿಗೆ ನೀರು ಬಿಡುವ ಕೆಲಸ. ವಾಲ್ವಿನ ಗುಂಡಿಗೆ ಇಳಿದು ಕಬ್ಬಿಣದ ಕೀಲಿ ತಿರುಗಿಸುವಾಗ ತನ್ನಷ್ಟಕ್ಕೆ ಬಾಯಿಗೆ ಬಂದ ಸಾಲುಗಳು ಬರುಬರುತ್ತ ಹಾಡಾಗಿದ್ದವು. ವಿರೂಪಾಕ್ಷಪ್ಪ ಹಾಡುವುದೆಲ್ಲ ದೇಹ ಮಣ್ಣು, ಊರು ಮೂರು ದಿನದ ಸಂತೆ ಎಂಬ ಗಟ್ಟಿ ಹಾಡುಗಳು. ಮಾರೆಪ್ಪನವೋ, ನಳದ ಮುಂದಿನ ಜಗಳ, ಕೊಡ, ಬಸ್ಸು, ತವರಿಗೆ ಹೋದವಳು ಬೀಗದ ಕೈ ಮರೆತದ್ದು. ಇವನ್ನು ಮೇಳದಲ್ಲಿ ಯಾರ ಮುಂದೆ ಇಡುವುದು? ಒಂದು ಸಲ ಇದ್ದಬದ್ದ ಧೈರ್ಯ ಮಾಡಿ ವಿರೂಪಾಕ್ಷಪ್ಪನ ಮುಂದೆ ಎರಡು ಸಾಲು ಅಂದಿದ್ದ. ವಿರೂಪಾಕ್ಷಪ್ಪ ಎಲೆಗೆ ಸುಣ್ಣ ಹಚ್ಚುತ್ತ, 'ಛಲೋ ಅದಾವು, ಮಕ್ಕಳು ಹಾಡ್ಕೊಳ್ಳಾಕ' ಎಂದಿದ್ದ. 'ಮಕ್ಕಳು ಹಾಡ್ಕೊಳ್ಳಾಕ' ಎಂದು ಮಾರೆಪ್ಪ ಒಪ್ಪಿಕೊಂಡು, ಕೊಟ್ಟ ಎಲೆಯನ್ನು ಬಾಯಿಗೆ ಹಾಕಿಕೊಂಡಿದ್ದ.

ಬಾಲಪ್ಪನ ಅಂಗಡಿ ಬಾಗಿಲು ಹಾಕಿತ್ತು. ಕೊಪ್ಪಳದ ಬಸ್‌ಸ್ಟ್ಯಾಂಡಿನ ಎದುರಿಗೆ ಗಡಿಯಾರ ರಿಪೇರಿ ಮಾಡುತ್ತ, ಈಗೀಗ ಗಾಜಿನ ಕಪಾಟಿನಲ್ಲಿ ಕ್ಯಾಸೆಟ್ಟುಗಳನ್ನೂ ಜೋಡಿಸಿಟ್ಟುಕೊಂಡಿದ್ದ ಬಾಲಪ್ಪ ಊಟಕ್ಕೆ ಹೋಗಿದ್ದ. ಗಾಜಿನಾಚೆ ವಿರೂಪಾಕ್ಷಪ್ಪನ ಕ್ಯಾಸೆಟ್ಟುಗಳು ಸಾಲಾಗಿ ನಿಂತಿದ್ದವು, ಎಲ್ಲದರ ಮೇಲೂ ಅವನ ಮೀಸೆ. ಕೆಳಗಿನ ಮೂಲೆಯಲ್ಲಿ, ಅಲಾರಂ ಗಡಿಯಾರವೊಂದರ ಹಿಂದೆ, 'ಮಾರೆಪ್ಪನ ಹಾಡುಗಳು'. ಅದರ ಮೇಲೆ ಮಾರೆಪ್ಪನ ಫೋಟೋ ಇಲ್ಲ, ಒಂದು ಜಲಪಾತ. ಫೋಟೋ ಕೊಡುವುದನ್ನು ಮಾರೆಪ್ಪ ಮರೆತಿದ್ದ. ಪ್ರೆಸ್ಸಿನವನ ಹತ್ತಿರ ಜಲಪಾತದ ಅಚ್ಚಿನ ಬ್ಲಾಕು ಇತ್ತಂತೆ, ನೀರು ಬಿಡೋವ್ರಲ್ಲೇನು, ಹೊಂದಿಕಿ ಆಕ್ಕೈತಿ ಎಂದು ಅದನ್ನೇ ಹಾಕಿದ್ದ. ಇವತ್ತು ಅಲ್ಲಿರುವಷ್ಟನ್ನೂ ಈ ಚೀಲಕ್ಕೆ ತುಂಬಿಕೊಂಡು ಹೋಗಬೇಕು. ಕಚೇರಿಗೆ ಹೇಳಿದ್ದು ವಾಲ್ವಿಗೆ ರಬ್ಬರ್ ಪ್ಯಾಕಿಂಗ್ ತರುತ್ತೇನೆಂದು, ಅದೂ ಸುಳ್ಳಲ್ಲ, ಅದನ್ನೂ ತರಬೇಕು. ಆದರೆ ಬಂದದ್ದು ಇದಕ್ಕೆ. ಕ್ಯಾಸೆಟ್ಟುಗಳನ್ನು ಮನೆಗೊಯ್ದು ಅಟ್ಟಕ್ಕೆ ಹಾಕಿ, ನಾಳೆ ಶುಕ್ರವಾರದ ಭಜನೆಗೆ ಮೊದಲು ವಿರೂಪಾಕ್ಷಪ್ಪನಿಗೆ, ಅವು ಎಲ್ಲೂ ಇಲ್ಲರಿ, ತಗಸೀನಿ ಎಂದು ಹೇಳಿದರೆ ಮುಗಿಯಿತು. ಆಗ ಅವನು ಮಾರೆಪ್ಪನ ಜಾಗವನ್ನು ಮಾರೆಪ್ಪನಿಗೆ ಬಿಟ್ಟುಕೊಡುತ್ತಾನೆ.

ಜಾಗ ಎಂದರೆ ಕೂಡುವ ಜಾಗವಲ್ಲ. ಅದು ಹಾರ್ಮೋನಿಯಂ ಹಿಂದೆ ಈಗಲೂ ಇದೆ. ಹೊಸಪೇಟೆಯ ಸ್ಟುಡಿಯೋಗೆ ಹೋಗಿ ಹಾಡಿ ಬಂದದ್ದನ್ನು ವಿರೂಪಾಕ್ಷಪ್ಪನಿಗೆ ಹೇಳಿರಲಿಲ್ಲ. ತಂಗಿಯ ಮನೆಯಲ್ಲಿ ತೊಟ್ಟಿಲ ಕಾರ್ಯ ಎಂದಿದ್ದ. ಕ್ಯಾಸೆಟ್ಟು ಬಂದಾಗ ಅವನಿಗೆ ಗೊತ್ತಾಯಿತು, ಗೊತ್ತಾಗದೆ ಇರುತ್ತದೆಯೇ. ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಬೈಗುಳದ ಕೊನೆ ಹಿಡಿದು ತಾನೂ ಎರಡು ಬೈದುಕೊಂಡು ಹಗುರಾಗುತ್ತಿದ್ದ. ಎಂದಿನಂತೆ ಎಲೆ ಕೊಟ್ಟ, ಗಾಳೆಮ್ಮ ಆರಾಮ ಅದಾಳೇನು ಎಂದು ಕೇಳಿದ. ಆದರೆ ಭಜನೆಗೆ ಕೂತಾಗ, ಸಾಲು ಎತ್ತಿದವನು ಸಾಲಿನ ಕೊನೆಯ ತುಣುಕನ್ನು ತಿರುಗಿ ತಾನೇ ಹಾಡಿಕೊಂಡು, ಉಸಿರು ಬಿಗಿಹಿಡಿದು, ಕತ್ತಿನ ನರ ಉಬ್ಬಿಸಿ ಮುಂದಿನ ಸಾಲಿಗೆ ಹೋಗಿಬಿಟ್ಟ. ಮಾರೆಪ್ಪ ತೆರೆದ ಬಾಯಿ ತೆರೆದೇ ಇತ್ತು. ಅಂದಿನಿಂದ ಪ್ರತಿ ಭಜನೆಯಲ್ಲೂ ಹಾಗೆಯೇ. ವಯಸ್ಸಾದ ಮನುಷ್ಯ, ದಮ್ಮು ಕಟ್ಟಿ ಕೆಮ್ಮು ಬಂದರೂ ಬಿಡುತ್ತಿಲ್ಲ. ಹಿಂದೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬರೀ ತಾಳ ಬಡಿಯುತ್ತಾರೆ. ಮಾರೆಪ್ಪನಿಗೆ ಆ ಕೆಮ್ಮು ಕೇಳಿದಾಗ ತಾನೇ ಅವನ ಕುತ್ತಿಗೆ ಅಮುಕಿದಂತೆ ಅನ್ನಿಸಿ ರುಮಾಲಿನೊಳಗೆ ಬೆವರುತ್ತದೆ.

ಅಂಗಡಿಗೆ ಹೊಂದಿಕೊಂಡೇ ಹಸನಬೀಯ ಚಹಾದ ಹೋಟೆಲು. ಬಾಲಪ್ಪ ಬರುವವರೆಗೆ ಅಲ್ಲೇ ಕೂಡೋಣವೆಂದು ಮಾರೆಪ್ಪ ಒಳಗೆ ಹೋಗಿ, ಚೀಲವನ್ನು ತೊಡೆಗೂ ಗೋಡೆಗೂ ನಡುವೆ ತುರುಕಿ, ಒಂದು ಪ್ಲೇಟ್ ಮಿರ್ಚಿ ಹೇಳಿದ. ಖಾಕಿ ಅಂಗಿಯಲ್ಲಿ, ಬೋಳು ತಲೆಯಲ್ಲಿ ಅವನನ್ನು ಇಲ್ಲಿ ಯಾರೂ ಗುರುತಿಸುವ ಹಾಗಿರಲಿಲ್ಲ. ಕುಷ್ಟಗಿಯಲ್ಲಾದರೆ ನೀರಿನ ಮಾರೆಪ್ಪ, ಮೇಳದಲ್ಲಾದರೆ ಹಳದಿ ರುಮಾಲು. ಒಲೆಯ ಮೇಲಿನ ಹಲಗೆಯಲ್ಲಿ, ಸಕ್ಕರೆ ಡಬ್ಬದ ಪಕ್ಕಕ್ಕೆ, ಎಣ್ಣೆಜಿಡ್ಡಿನ ಟೇಪ್ ರೆಕಾರ್ಡರ್ ವಿರೂಪಾಕ್ಷಪ್ಪನ ದೊಡ್ಡ ದನಿಯಲ್ಲಿ ದೇಹ ಮಣ್ಣು ಎನ್ನುತ್ತಿತ್ತು. ಹಿಂದಿನ ದನಿ ಬಂತು, ತನ್ನದೇ, ಹಳೆಯ ಕ್ಯಾಸೆಟ್ಟು, ಜಾಗ ಇನ್ನೂ ಇದ್ದ ಕಾಲದ್ದು. ಮಾರೆಪ್ಪನ ತುಟಿ ಅಲ್ಲಾಡಿತು. ಎದುರಿನ ಬೆಂಚಿನಲ್ಲಿ ಬಿಳಿ ಅಂಗಿ, ಬಿಳಿ ಟೋಪಿಯ ದಪ್ಪನೆಯ ಮನುಷ್ಯನೊಬ್ಬ ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದ. ಅವನ ಪಕ್ಕಕ್ಕೆ ಊಟದ ಬಿಡುವಿನಲ್ಲಿದ್ದ ಬಸ್ ಕಂಡಕ್ಟರ್, ಟಿಕೆಟ್ ತೂತು ಮಾಡುವ ಇಕ್ಕಳವನ್ನು ಬೆರಳಿಗೆ ಸಿಕ್ಕಿಸಿಕೊಂಡು ಟಿಕ್ ಟಿಕ್ ಅನ್ನಿಸುತ್ತಿದ್ದ. ಹಾಡು ಮುಗಿದು ಟೇಪು ಕಟ್ ಎಂದು ನಿಂತಿತು.

'ಆತಿಲ್ಲ, ಈಗ ನಳಾದ್ದು ಹಾಕು ಹಸನಬೀ' ಎಂದ ಕಂಡಕ್ಟರ್.

'ಏ ಮಲಿಕಸಾಬ, ಛಲೋ ಊಟ ಉಂಡು ಬಂದೀನಿ, ಅದನ್ನ ಹಾಕಿಸಿ ಕೆಡಿಸಬ್ಯಾಡ' ಎಂದ ದಪ್ಪನೆಯವನು. ಶೇಂಗಾ ವ್ಯಾಪಾರದ ಈಶಪ್ಪ ಸಾವ್ಕಾರ ಎಂಬುದು ಮುಂದಿನ ಮಾತಿನಲ್ಲಿ ಗೊತ್ತಾಯಿತು, ಏಕೆಂದರೆ ಮಲಿಕಸಾಬ, 'ಈಶಪ್ಪ ಸಾವ್ಕಾರ್ರ, ನೀವು ಶೇಂಗಾದಾಗ ಕಾಳು ಜೊಳ್ಳು ಬ್ಯಾರೆ ಮಾಡ್ತೀರಿ ಖರೆ, ಹಾಡಿನ್ಯಾಗ ಬರಂಗಿಲ್ಲ ನಿಮಗ' ಎಂದು ನಕ್ಕ.

'ಹಾಡು ಅಂದ್ರ ವಿರೂಪಾಕ್ಷಪ್ಪಂದು. ಆ ಮನಷ್ಯಾ ಎದಿಯಿಂದ ಎತ್ತತಾನ. ಈ ಮಾರೆಪ್ಪ ಯಾರ, ಅವನ ಹಿಂದ ಕುಂತು ಹ್ಞೂಂ ಅನ್ನಾಂವ. ಹ್ಞೂಂ ಅನ್ನಾಂವ ಒಬ್ಬನ ಕುಂತು ಹಾಡಿದ್ರ ಏನಾಕ್ಕೈತಿ? ಬರೇ ಉಪ್ಪಿನಕಾಯಿ ಬಡಿಸಿ ಊಟ ಅಂದಂಗ. ಏನ್ರಿ ಖಾಕಿಯವ್ರ, ಹೌದಲ್ಲೋ?' ಎಂದು ಈಶಪ್ಪ ಸುಮ್ಮನೆ ಕೂತಿದ್ದ ಮಾರೆಪ್ಪನನ್ನು ಸಾಕ್ಷಿಗೆ ಎಳೆದ.

'ಊಟ ಅಂದಂಗ' ಎಂದುಬಿಟ್ಟ ಮಾರೆಪ್ಪ. ಅಂದ ಮೇಲೆ ಕಿವಿ ಬಿಸಿಯಾಯಿತು. ತನ್ನ ಹಾಡಿನ ಬಗ್ಗೆ ಪರವೂರಿನಲ್ಲಿ ಕೂತು ತಾನೇ ಇಂಥ ಸಾಕ್ಷಿ ಹೇಳಿದ ಮನುಷ್ಯ ಈ ಸೀಮೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ ಅನ್ನಿಸಿ, ಎಲ್ಲೋ ಹೊಟ್ಟೆಯೊಳಗಿಂದ ನಗು ಕೂಡ ಬಂತು. ಗಾಳೆಮ್ಮನಿಗೆ ಹೇಳಬೇಕು, ಹೇಳಿದರೆ ಓಣಿಗೆ ಒಂದು ವಾರದ ಸರಕು. ಮಲಿಕಸಾಬ ಮಾತ್ರ ಬಿಡುವ ಆಸಾಮಿಯಲ್ಲ. 'ನೋಡ್ರಿ ಸಾವ್ಕಾರ್ರ, ವಿರೂಪಾಕ್ಷಪ್ಪ ದೊಡ್ಡಾಂವ, ಇಲ್ಲಂದಿಲ್ಲ. ಆದ್ರ ಅಂವ ಹಾಡಿದ್ರ ನನಗ ಸುಡುಗಾಡ ನೆನಪಾಕ್ಕೈತಿ. ಮುಂಜಾನಿಂದ ಬಸ್ಸಿನ್ಯಾಗ ಜನರ ಜೋಡಿ ಬಡಿದಾಡಿ ಬಂದಿರ್ತೀನಿ, ಚಾ ಕುಡಿಯೂವಾಗರ ಜೀವಂತ ಇರೂಣು ಅಂತ. ಮಾರೆಪ್ಪ ನೋಡ್ರಿ, ನನ್ನ ಬಸ್ಸಿನ ಮ್ಯಾಲ ಹಾಡು ಕಟ್ಟ್ಯಾನ. ನಳದ ಮುಂದ ನಮ್ಮ ಹೆಣ್ಮಕ್ಕಳು ಕೊಡಾ ಇಟ್ಟು ಜಗಳಾಡೂದು ಹಾಡ್ಯಾನ. ಇಂಥಾದ್ದು ಯಾರು ಹಾಡ್ಯಾರ ಹೇಳ್ರಿ.'

'ಯಾರು ಹಾಡ್ಯಾರ ಹೇಳ್ರಿ' ಎಂದ ಮಾರೆಪ್ಪ, ಈ ಸಲ ಬೇಕೆಂದೇ, ಸ್ವಲ್ಪ ಜೋರಾಗಿ. ಈಶಪ್ಪ ಅವನನ್ನು ದುರುಗುಟ್ಟಿ ನೋಡಿದ. 'ನೀವೇನ್ರಿ, ಈ ಕಡಿನೂ ಹೌದು, ಆ ಕಡಿನೂ ಹೌದು.'

ಒಲೆಯ ಹಿಂದಿನಿಂದ ಹಸನಬೀ ತಲೆ ಎತ್ತಿದಳು. ನರೆತ ಕೂದಲಿಗೆ ಸೆರಗು ಬಿಗಿದುಕೊಂಡಿದ್ದ ದೊಡ್ಡ ಮೈಯ ಹೆಂಗಸು. 'ನನಗ ನೀವಿಬ್ರೂ ಬ್ಯಾಡ. ಆ ಮಾರೆಪ್ಪನ ಕ್ಯಾಸೆಟ್ಟು ನನ್ನ ಹೋಟ್ಲಿಗೆ ಭಾಳ ಬರಕತ್ತಿಂದು. ಯಾಕಂದ್ರ ಅದು ನಡಬರಕ ನಿಂದರತೈತಿ. ಮಂದಿ ಮುಗೀತು ಅಂತ ಏಳ್ತಾರ. ಮತ್ತ ಸುರು ಆಕ್ಕೈತಿ. ಕುಂಡರ್ತಾರ. ಕುಂತ ಮ್ಯಾಲ ಇನ್ನೊಂದು ಚಾ ಹೇಳಾಕಬೇಕಲ್ಲ.'

ಮಲಿಕಸಾಬ ಗಹಗಹಿಸಿ ನಕ್ಕ. 'ಅದ, ನಾ ಹೇಳೂದೂ ಅದ' ಎಂದು ಈಶಪ್ಪ ಬೆಂಚು ಬಡಿದ. 'ಹಾಡ್ತಾನ, ಗಪ್ಪನ ನಿಂದರ್ತಾನ. ಹಾಡ್ತಾನ, ನಿಂದರ್ತಾನ. ಅಂವಗ ದಮ್ಮಿಲ್ಲ.'

'ದಮ್ಮಿಲ್ಲ' ಎನ್ನಲು ಹೋದ ಮಾರೆಪ್ಪನ ಬಾಯಿಂದ ಮಾತು ಬರಲಿಲ್ಲ. ನಿಲ್ಲುತ್ತದೆಯೇ? ಎಲ್ಲಿ ನಿಲ್ಲುತ್ತದೆ? ಅವನು ಆ ಕ್ಯಾಸೆಟ್ಟನ್ನು ಒಂದೇ ಒಂದು ಸಲ ಕೇಳಿದ್ದ, ಪಕ್ಕದ ಮನೆಯಿಂದ ಟೇಪು ತಂದು. ಮೊದಲಿನಿಂದ ಕೊನೆಯವರೆಗೆ ಎಲ್ಲೂ ನಿಂತಿರಲಿಲ್ಲ, ಹೊಳೆ ಹರಿದ ಹಾಗೆ ಹರಿದಿತ್ತು, ಅದನ್ನು ಕೇಳುತ್ತ ಕಣ್ಣು ತುಂಬಿ ಬಂದಿತ್ತು. ಬಾಲಪ್ಪ ಇಲ್ಲಿಗೆ ಕೊಟ್ಟದ್ದೇ ಕೆಟ್ಟ ಕ್ಯಾಸೆಟ್ಟು ಇರಬೇಕು, ಅಥವಾ ಈ ಹೆಂಗಸಿನ ಟೇಪಿಗೆ ಎಣ್ಣೆ ಹಿಡಿದಿರಬೇಕು. ಒಳಗೊಳಗೆ ಒಂದು ಸಿಟ್ಟು ಎದ್ದಿತು, ತನ್ನ ಮಟ್ಟಿಗೆ ಅಪರೂಪದ ಸಿಟ್ಟು. ಅಷ್ಟರಲ್ಲಿ ಹಸನಬೀ ಸೆರಗಿಗೆ ಕೈ ಒರೆಸಿಕೊಂಡು ಜಲಪಾತದ ಡಬ್ಬಿ ತೆಗೆದು, ಕ್ಯಾಸೆಟ್ಟು ತುರುಕಿ, ಗುಂಡಿ ಒತ್ತಿದಳು. ಮಾರೆಪ್ಪ ಬಾಯಿ ತಪ್ಪೀತೆಂದು ಒಂದು ಇಡೀ ಮಿರ್ಚಿಯನ್ನು ಬಾಯಿಗೆ ಇಟ್ಟುಕೊಂಡು ಹಲ್ಲು ಕಚ್ಚಿದ.

'ನಳಾ ತಿರುವಿದ್ರ ನೀರು ಬರತೈತಿ, ನಗಿ ಯಾರು ತಿರುವ್ಯಾರು' ಎಂದಿತು ಟೇಪು, ತನ್ನದೇ ದನಿಯಲ್ಲಿ, ತಬಲಾದ ಜೊತೆ. ಆಮೇಲೆ ಏನೂ ಇಲ್ಲ. ತಬಲಾ ಕೂಡ ಇಲ್ಲ. ಟೇಪು ಸುರ್ ಎಂದು ತಿರುಗುವ ಸದ್ದು, ಒಲೆಯ ಮೇಲಿನ ಚಹಾದ ಕುದಿತ, ಹೊರಗೆ ಗಂಗಾವತಿ ಗಂಗಾವತಿ ಎಂದು ಕೂಗುವ ದನಿ. ಬಾಗಿಲ ಬಳಿ ಕೂತಿದ್ದವನೊಬ್ಬ ಮುಗಿಯಿತೆಂದು ಲೋಟ ಕೆಳಗಿಟ್ಟು ಎದ್ದ. ಆಗ 'ಕೊಡಾ ತುಂಬಿದ್ರ ತಲಿ ಮ್ಯಾಲ ಹೊರಬಹುದು, ಮನಸ ತುಂಬಿದ್ರ ಎಲ್ಲಿ ಇಡಬೇಕು' ಎಂದು ಟೇಪು ಮತ್ತೆ ಸುರುಮಾಡಿತು, ಎದ್ದವನು ಕೂತ, ಮತ್ತೆ ಮೌನ. ನೀರು ಬಿಟ್ಟ ಹೊಸದರಲ್ಲಿ ನಳ ಒಂದಿಷ್ಟು ನೀರು ಉಗುಳಿ, ಒಂದಿಷ್ಟು ಬರೀ ಗಾಳಿ ಉಗುಳುತ್ತದಲ್ಲ, ಹಾಗೆ. ಮಿರ್ಚಿಯ ಖಾರ ನೆತ್ತಿಗೇರಿತು. ಮಾರೆಪ್ಪ ಕಣ್ಣಲ್ಲಿ ನೀರು ತುಂಬಿಕೊಂಡು, ಬಾಯಿ ಮುಚ್ಚಿಕೊಂಡು, ತಾನು ಹಾಡಿದ್ದನ್ನು ಮೊದಲ ಸಲ ಕೇಳುತ್ತ ಕೂತ.

ಅಂದು ಹೊಸಪೇಟೆಯ ಸ್ಟುಡಿಯೋದ ಗೋಡೆಗಳಿಗೆ, ಹೊರಗಿನ ಸದ್ದು ಬಾರದಂತೆ, ಹಾಸಿಗೆ ಹೊಡೆದಿದ್ದರು. ಗಾಜಿನಾಚೆಯ ಹುಡುಗ ಎರಡು ಸಲ ಕೈ ಎತ್ತಿ, 'ಯಾಕ ನಿಂದರ್ತೀರ್ರೀ?' ಎಂದು ಕೇಳಿದ್ದ. 'ನಿಂತಿಲ್ಲಲ್ಲಪಾ, ಹಾಡಾಕತ್ತೀನಲ್ಲ' ಎಂದಿದ್ದ ಮಾರೆಪ್ಪ, ಆಶ್ಚರ್ಯದಿಂದ. ಸ್ಟುಡಿಯೋದವರೇ ಕೊಟ್ಟ ತಬಲಾದವನು ಮೇಳ ಕಂಡವನಲ್ಲ, ಇವನು ನಿಂತಲ್ಲಿ ತಾನೂ ಕೈ ಎತ್ತಿಕೊಂಡು ಕೂತಿದ್ದ. ನಿಂತಿರಲಿಲ್ಲ ಮಾರೆಪ್ಪ, ಆಣೆ ಮಾಡಿ ಹೇಳಿಯಾನು. ಸಾಲು ಎತ್ತಿದ ಮೇಲೆ ಹಿಂದಿನವರು ತುಣುಕು ಹಿಡಿಯುತ್ತಿದ್ದರು, ಅವನ ಕಿವಿಯಲ್ಲಿ ಸ್ಪಷ್ಟವಾಗಿ ಹಿಡಿಯುತ್ತಿದ್ದರು, ಅವರು ಮುಗಿಸುವವರೆಗೆ ಕಾಯದೆ ಮುಂದಿನ ಸಾಲಿಗೆ ಹೋಗುವುದು ಎಂಥ ರೀತಿ? ಹಿಂದೆ ಯಾರೂ ಇರಲಿಲ್ಲ ಎಂಬುದು ಅವನಿಗೆ ಈ ಹೊತ್ತು ಹೊಳೆಯಿತು. ಮನೆಯಲ್ಲಿ ಟೇಪು ಹಾಕಿ ಕೇಳಿದಾಗ ಅದು ಹೊಳೆಯಂತೆ ಹರಿದದ್ದು ಏಕೆಂದರೆ, ಕೇಳುತ್ತ ಕೂತ ಮಾರೆಪ್ಪ ಪ್ರತಿ ಸಾಲಿನ ಬಾಲವನ್ನು ಹಿಡಿದು ತಾನೇ ಹಾಡಿಕೊಂಡಿದ್ದ. ಗಾಳೆಮ್ಮ ರೊಟ್ಟಿ ಬಡಿಯುವುದು ನಿಲ್ಲಿಸಿ, ಅವನ ಮುಖ ನೋಡಿ, 'ಒಂದ್ಸಲ ಸುಮ್ನ ಕುಂತು ಕೇಳ್ರಿ' ಎಂದಿದ್ದಳು. ಗದ್ದಲ ಮಾಡಬೇಡವೆನ್ನುತ್ತಿದ್ದಾಳೆಂದು ತಿಳಿದು, 'ಸುಮ್ನ ಕುಂತು ಕೇಳ್ರಿ' ಎಂದು ಅವಳಿಗೇ ತಿರುಗಿ ಹೇಳಿ, ಮತ್ತೆ ಹಾಡಿದ್ದ. ಅವಳು ತುಟಿ ಕಚ್ಚಿ ನಕ್ಕು ರೊಟ್ಟಿ ಬಡಿದಿದ್ದಳು. ಎಲಾ ಇವಳ. ಎಲ್ಲ ತಿಳಿದು ಸುಮ್ಮನಿದ್ದಳು.

ಈಗ ಏನೂ ಉಳಿಯಲಿಲ್ಲ ಅನ್ನಿಸಿತು. ಬಾಲಪ್ಪ ಬಂದ ಕೂಡಲೇ ಚೀಲ ತುಂಬಿಕೊಂಡು ಹಿಂಬದಿಯಿಂದ ಬಸ್ಸು ಹತ್ತಿಬಿಡಬೇಕು. ಇಷ್ಟು ದಿನ, ಕ್ಯಾಸೆಟ್ಟು ಖರ್ಚಾಗದ್ದಕ್ಕೆ, ಜನ ಹಾಡು ಕೇಳಿ ಬೇಡ ಎಂದಿದ್ದಾರೆಂದು ಬೇಸರವಿತ್ತು. ಅವರು ಕೇಳಿದ್ದು ಹಾಡೇ ಅಲ್ಲ, ಹಲ್ಲುಬಿದ್ದ ಬಾಯಿ. ವಿರೂಪಾಕ್ಷಪ್ಪನೂ ಇದನ್ನು ಕೇಳಿರಬಹುದು, ಕೇಳಿ ಮನಸ್ಸಿನಲ್ಲೇ ನಕ್ಕಿರಬಹುದು. ಅಥವಾ, ಎಂದು ಬೇರೊಂದು ವಿಚಾರ ಸುಳಿದು ಮಾರೆಪ್ಪ ಮಿರ್ಚಿ ಅಗಿಯುವುದನ್ನು ನಿಲ್ಲಿಸಿದ. ಅಥವಾ ಅವನು ಕೇಳಿಯೇ ಇಲ್ಲ. ತಾನು ಅವನಿಗೆ ಒಂದು ಕ್ಯಾಸೆಟ್ಟು ಕೊಟ್ಟೇ ಇಲ್ಲವಲ್ಲ.

'ದಮ್ಮಿಲ್ಲದ್ದಲ್ಲರಿ ಸಾವ್ಕಾರ್ರ' ಎನ್ನುತ್ತಿದ್ದ ಮಲಿಕಸಾಬ. 'ಅದು ನಮಗ ಬಿಟ್ಟ ಜಾಗ. ನಮ್ಮ ಮನ್ಯಾಗ ನಮ್ಮಾಕಿ ಒಲಿ ಮುಂದ ಕುಂತು ಅಷ್ಟಷ್ಟ ತಾನ ಹಾಡ್ತಾಳ. ನಾನೂ ಹಾಡ್ತೀನಿ. ನೀವು ವಿರೂಪಾಕ್ಷಪ್ಪನ ಕ್ಯಾಸೆಟ್ಟು ಕೇಳ್ತೀರಿ, ಎದಕ್ಕ ಕೈ ಹಚ್ಚಾಕ ಬರತೈತಿ ಅದರಾಗ? ತಲಿ ತೂಗಬೇಕು, ಅಷ್ಟ. ಹಸನಬೀ, ಹಿಂದಕ ತಿರುವು ಇದನ್ನ.'

'ಕೆಟ್ಟ ಕ್ಯಾಸೆಟ್ಟಿಗೆ ಎಂಥಾ ವಕೀಲಕಿ' ಎಂದ ಈಶಪ್ಪ.

ಹಸನಬೀ ತಿರುವಿದಳು. ನಳಾ ತಿರುವಿದ್ರ ನೀರು ಬರತೈತಿ, ನಗಿ ಯಾರು ತಿರುವ್ಯಾರು. ಟೇಪು ನಿಂತಿತು. 'ನಗಿ ಯಾರು ತಿರುವ್ಯಾರು' ಎಂದ ಮಲಿಕಸಾಬ, ಇಕ್ಕಳ ಟಿಕ್ ಟಿಕ್ ಅನ್ನಿಸುತ್ತ, ಶ್ರುತಿ ಎಲ್ಲೋ, ತಾಳ ಮಾತ್ರ ಬರೋಬ್ಬರಿ. ಸರಿಯಾಗಿ ಅವನು ಮುಗಿಸುವುದಕ್ಕೂ ಟೇಪಿನೊಳಗಿನ ಮಾರೆಪ್ಪ ಮುಂದಿನ ಸಾಲು ಎತ್ತುವುದಕ್ಕೂ ಕೂಡಿ ಬಂತು. ಮನಸ ತುಂಬಿದ್ರ ಎಲ್ಲಿ ಇಡಬೇಕು ಎಂಬ ಕಡೆ ಹಸನಬೀಯೂ ಸೇರಿದಳು, ಚಹಾ ಸೋಸುತ್ತ, ಗಂಡುದನಿಯಂಥ ದಪ್ಪ ದನಿಯಲ್ಲಿ. ಬಾಗಿಲ ಬಳಿಯವನು, ಎದ್ದು ಕೂತು ಎದ್ದು ಕೂತು ಸಾಕಾಗಿದ್ದವನು, ತೊಡೆ ಬಡಿದುಕೊಂಡು ಸೇರಿದ. ಈಶಪ್ಪ ಸಾವ್ಕಾರ ಬಾಯಿ ಬಿಗಿಹಿಡಿದು, ಕಣ್ಣು ಮುಚ್ಚಿ ಕೂತಿದ್ದ, ಆದರೆ ಬೆಂಚಿನ ಕೆಳಗೆ ಅವನ ಚಪ್ಪಲಿ ನೆಲ ಕುಟ್ಟುವುದು ಮಾರೆಪ್ಪನಿಗೆ ಕಾಣುತ್ತಿತ್ತು. ಮೂರನೆಯ ಸಾಲಿಗೆ ಮಲಿಕಸಾಬನ ಶ್ರುತಿ ಪೂರಾ ಜಾರಿತು. ಹಿಂದಿನ ದನಿ ಜಾರಿದರೆ ಎಳೆದು ಜಾಗಕ್ಕೆ ಕೂರಿಸುವುದು ಯಾರ ಕೆಲಸ? ಮಿರ್ಚಿ ಯಾವಾಗಲೋ ಖಾಲಿಯಾಗಿತ್ತು. ಮಾರೆಪ್ಪನ ಬಾಯಿ ಅವನನ್ನು ಕೇಳದೆ ತೆರೆಯಿತು, ತಿಳಿಯಾದ, ತೆಳ್ಳನೆಯ, ಎತ್ತರದ ದನಿಯೊಂದು ಬಂದು ಜಾರಿದ್ದೆಲ್ಲವನ್ನೂ ಎತ್ತಿ ಹಿಡಿಯಿತು. ಖುಷಿ ಆಯಿತು ಅವನಿಗೆ. ಎಷ್ಟು ದಿನವಾಗಿತ್ತು ಹೀಗೆ ಹಾಡಿ.

ಈಶಪ್ಪ ಕಣ್ಣು ತೆರೆದ. 'ಏ ನಿಂದರಿಸು ಅದನ್ನ' ಎಂದ. ಹಸನಬೀ ಗುಂಡಿ ಒತ್ತಿದಳು. 'ಖಾಕಿಯವ್ರ, ಈ ದನಿ ನನಗ ಗೊತ್ತೈತಿ. ವಿರೂಪಾಕ್ಷಪ್ಪನ ಹಿಂದಿಂದ ಬರೂ ದನಿ ಇದು. ಹುಲಿಗ್ಯಾಗ ಕೇಳೀನಿ, ಇಟಗ್ಯಾಗ ಕೇಳೀನಿ. ಅಂವ ನಿಂತ ಕೂಡ್ಲೆ ಬರತಿತ್ತು. ಈಗೀಗ ಯಾಕೋ ಬರವಲ್ದು, ಅದಕ್ಕ ಭಜನಿ ಕೂಡವಲ್ದು ಅಂತ ನಾ ಮನ್ಯಾಗ ಹೇಳ್ತಿದ್ದೆ.' ಅವನು ಟೇಪನ್ನೂ ಮಾರೆಪ್ಪನನ್ನೂ ಒಂದೊಂದು ಸಲ ನೋಡಿದ. 'ಅಂದ್ರ ಇದು ನೀವು. ಅದೂ ನೀವು?'

'ಅದೂ ನಾನ' ಎಂದ ಮಾರೆಪ್ಪ. ನಾಚಿಕೆಯಿಂದ ನೆಲ ಬಿರಿದರೆ ಇಳಿದುಹೋಗುತ್ತೇನೆ ಅಂದುಕೊಂಡಿದ್ದ, ಆದರೆ ನೆಲ ಗಟ್ಟಿಯಾಗಿಯೇ ಇತ್ತು, ಮಲಿಕಸಾಬ ಎದ್ದು ಬಂದು ಅವನ ಎರಡೂ ಕೈ ಹಿಡಿದು ಅಲ್ಲಾಡಿಸುತ್ತಿದ್ದ. ಹಸನಬೀ, 'ಆವಾಗಿಂದ ಕುಂತು ಬೈಸ್ಕೊಂಡ್ರಲ್ಲ, ಒಂದು ಮಾತು ಆಡಬಾರದಾ ಮಾರಾಯ' ಎಂದು ಚಹಾ ತಂದಿಟ್ಟಳು.

'ನಾ ಆಡಿದ ಮಾತು ತಿರುಗಿ ತಗೊಳ್ಳಾಂವಲ್ಲ ಮತ್ತ' ಎಂದ ಈಶಪ್ಪ, ಟೋಪಿ ಸರಿಮಾಡಿಕೊಳ್ಳುತ್ತ. 'ವಿರೂಪಾಕ್ಷಪ್ಪ ಅಂದ್ರ ವಿರೂಪಾಕ್ಷಪ್ಪನ. ನಿಮ್ಮ ಹಾಡು ಸುಮಾರ ಅದಾವು.'

ಊಟ ಮುಗಿಸಿ ಬಂದ ಬಾಲಪ್ಪ ಅಂಗಡಿ ತೆರೆಯುವ ಮೊದಲು ಹೋಟೆಲಿಗೆ ಇಣುಕಿದವನು ಅಲ್ಲೇ ನಿಂತ. 'ಓಹೋ ಮಾರೆಪ್ಪಣ್ಣಾರು. ಮೊನ್ನೆ ಹೇಳಿ ಕಳಿಸಿದ್ರಲ್ಲ, ಕ್ಯಾಸೆಟ್ಟು ತಿರುಗಿ ಒಯ್ತೀನಿ ಅಂತ. ಕಟ್ಟಿ ಇಡ್ಲೇನು?' ಎಲ್ಲರ ಕಣ್ಣೂ ಗೋಡೆಯ ಸಂದಿಯಲ್ಲಿದ್ದ ಖಾಲಿ ಚೀಲದ ಮೇಲೆ ಬಿದ್ದವು. 'ತಿರುಗಿ ಒಯ್ಯಾಕ?' ಎಂದ ಮಲಿಕಸಾಬ, ಮುಖ ಸಣ್ಣದು ಮಾಡಿಕೊಂಡು. ತಿರುಗಿ ಒಯ್ಯಾಕ ಎಂಬ ಬಾಲ ಮಾರೆಪ್ಪನ ನಾಲಗೆಯ ತುದಿಗೆ ಬಂದು ಕೂತಿತ್ತು. ಅಂದುಬಿಟ್ಟರೆ ಮುಗಿಯಿತು, ಬಾಲಪ್ಪ ಕಟ್ಟಿ ಕೊಡುತ್ತಾನೆ, ನಾಳೆ ವಿರೂಪಾಕ್ಷಪ್ಪ ಎಲೆಗೆ ಸುಣ್ಣ ಹಚ್ಚಿ ಜಾಗ ಬಿಟ್ಟುಕೊಡುತ್ತಾನೆ, ಸಾಯುವ ತನಕ ಹಾರ್ಮೋನಿಯಂ ಹಿಂದೆ ಕೂತಿರಬಹುದು. ಒಂದು ಗುಟುಕು ಚಹಾ ಕುಡಿದ. 'ಇಲ್ಲ' ಎಂದ. ಆ ಮಾತು ಬೇರೆ ಯಾರ ಬಾಲವೂ ಆಗಿರಲಿಲ್ಲ, ಅದಕ್ಕೋ ಏನೋ ಬಾಯಿಗೆ ಹೊಸ ರುಚಿಯಾಗಿತ್ತು. 'ಚೀಲ ವಾಲ್ವಿನ ರಬ್ಬರಿಗೆ ತಂದೀನಿ. ಕ್ಯಾಸೆಟ್ಟು ಇರಲಿ. ಆ ಗಡಿಯಾರದ ಹಿಂದಿಂದ ತಗದು ಮುಂದ ಇಡ್ರಿ. ಒಂದು ಮಾತ್ರ ಕೊಡ್ರಿ ಇದರಾಗ ಹಾಕ್ಕೊಂಡು ಹೋಗಾಕ, ವಿರೂಪಾಕ್ಷಪ್ಪಗ ಕೊಡಬೇಕು.'

'ಅವರಿಗಾ?' ಎಂದ ಬಾಲಪ್ಪ.

'ಅವರು ಹಾಡೂ ಜಾಗಾ ಅದಾವು ಅದರಾಗ' ಎಂದ ಮಾರೆಪ್ಪ.

ಕೊಡುವಾಗ ತೊಟ್ಟಿಲ ಕಾರ್ಯದ ಸುಳ್ಳನ್ನೂ ಹೇಳಿಬಿಡಬೇಕು. ನಾಳೆ ಅವನು ಸಾಲನ್ನು ಪೂರ್ತಿ ತಾನೇ ಹಾಡಿಕೊಂಡರೆ ಹಾಡಿಕೊಳ್ಳಲಿ, ಕೆಮ್ಮಿದರೆ ನೀರು ಕೊಟ್ಟರಾಯಿತು, ನೀರಿಗೆ ಕುಷ್ಟಗಿಯಲ್ಲಿ ತನಗೇನು ಬರವೇ. ಯಾವತ್ತಾದರೂ ಒಂದು ದಿನ ಆ ದೊಡ್ಡ ದನಿ ತನ್ನ ಹಿಂದೆ ಕೂತು ಎಲ್ಲಿ ಇಡಬೇಕು ಎಂದು ಕೇಳುವುದನ್ನು ನೆನೆಸಿಕೊಂಡ ಮಾರೆಪ್ಪನಿಗೆ ಗಾಬರಿಯೂ ಆಯಿತು, ನಗುವೂ ಬಂತು. ಹೊರಗೆ ಮಲಿಕಸಾಬನ ಡ್ರೈವರ್ ಹಾರ್ನ್ ಬಾರಿಸಿದ. 'ಇದೊಂದು ಮುಗಿಸಿ ಬರ್ತೀನಿ ತಡಿ' ಎಂದು ಮಲಿಕಸಾಬ ಅಲ್ಲಿಂದಲೇ ಕೂಗಿ, ಹಸನಬೀಗೆ ಕೈ ಸನ್ನೆ ಮಾಡಿದ. ಟೇಪು ತಿರುಗಿತು. ಹಾಡಿನ ಕೊನೆಯ ಸಾಲು, ಗುಂಡಿಯೊಳಗೆ ಕೀಲಿ ತಿರುಗಿಸುತ್ತ ಒಂದು ಮುಂಜಾನೆ ತಾನೇ ತಾನಾಗಿ ಬಂದದ್ದು: 'ಊರಿಗೆಲ್ಲ ನೀರು ಬಿಟ್ಟಾಂವ ನಾನು, ನನ್ನ ನಳಾ ಎಲ್ಲೈತೋ'. ಟೇಪಿನೊಳಗಿನ ಮಾರೆಪ್ಪ ನಿಂತ. ಬೆಂಚಿನ ಮೇಲಿನ ಮಾರೆಪ್ಪನ ಎದೆಯಲ್ಲಿ ದನಿ ಸಿದ್ಧವಾಗಿ ಎದ್ದು ಗಂಟಲಿಗೆ ಬಂತು. ಅವನು ತುಟಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡ. ಗಾಳೆಮ್ಮ ಹೇಳಿದ್ದಂತೆ ಸುಮ್ಮನೆ ಕೂತ.

ಟಿಕ್ ಟಿಕ್ ಎಂದಿತು ಇಕ್ಕಳ. ಹಸನಬೀ ಸೌಟು ಎತ್ತಿದಳು. ಆದರೆ ಅವರಿಗಿಂತ ಮೊದಲು, ಕಣ್ಣು ಮುಚ್ಚಿಕೊಂಡು, ಬಿಳಿ ಟೋಪಿ ತೂಗುತ್ತ, ಒಂದು ಎಳೆ ಶ್ರುತಿ ತಪ್ಪದೆ ಈಶಪ್ಪ ಸಾವ್ಕಾರ ಹಾಡಿದ.

'ನನ್ನ ನಳಾ ಎಲ್ಲೈತೋ.'